ಆಶ್ಲೇಷ ಮಳೆಯಲ್ಲಿ ಎನಾಮೆಲ್ ಪ್ರದರ್ಶನ: ಬಿರುಕಿಗೆ ಕಾರಣ ಮಳೆಯೇ?

ಪ್ರಶ್ನೆ: ನಾನು ಸಾಗರದವಳು. ತಾಮ್ರದ ತಗಡಿನ ಮೇಲೆ ಬೆಳ್ಳಿ ತಂತಿ ಕೂರಿಸಿ ಎನಾಮೆಲ್ ಕೆಲಸ ಮಾಡುತ್ತೇನೆ. ಹೆಚ್ಚಿನವು ಅಂಗೈ ಅಗಲದವು, ಕೆಲವು ಒಂದಡಿಯವು. ತೀರ್ಥಹಳ್ಳಿಯ ನನ್ನ ಗೆಳತಿ ಕಬ್ಬಿಣದ ಶೀಟ್ ಮೇಲೆ ಎನಾಮೆಲ್ ಹಾಕಿ, ಅಂಥ ಶೀಟ್‌ಗಳನ್ನು ಜೋಡಿಸಿ ದೊಡ್ಡ ಚಿತ್ರ ಮಾಡುತ್ತಾಳೆ. ಇಬ್ಬರೂ ಸೇರಿ ಆಗಸ್ಟ್‌ನಲ್ಲಿ ಶಿವಮೊಗ್ಗದ ಒಂದು ಗ್ಯಾಲರಿಯಲ್ಲಿ ಪ್ರದರ್ಶನ ಇಡುವ ಯೋಚನೆ ಇದೆ. ಆದರೆ ಈ ಸಲ ಮಳೆ ಹಿಡಿದ ಮೇಲೆ ನನ್ನ ಮೂರು ಕೃತಿಗಳು ಮೇಲಿಂದ ಕೆಳಗೆ ಗೆರೆ ಎಳೆದ ಹಾಗೆ ಬಿರುಕು ಬಿಟ್ಟಿವೆ. ರಾತ್ರಿ ಟಿಣ್ ಅಂತ ಸದ್ದು ಕೇಳಿತ್ತು. ಮೂರನ್ನೂ ಹಲಸಿನ ಹಲಗೆಗೆ ಎಪಾಕ್ಸಿ ಅಂಟಿನಿಂದ ಕೂರಿಸಿದ್ದೆ. ಗೆಳತಿಯ ಶೀಟ್‌ಗಳಿಂದ ಉಗುರಿನ ಚೂರಿನಂಥ ಚಕ್ಕೆಗಳು ಹಾರುತ್ತಿವೆ, ಅದೂ ಸುಟ್ಟು ನಾಲ್ಕೈದು ದಿನ ಆದ ಮೇಲೆ. ಮಲೆನಾಡಿನ ಹವೆಗೆ ಎನಾಮೆಲ್ ಆಗಿಬರುವುದಿಲ್ಲ, ಮೇಲೊಂದು ಗಾಜು ಹಾಕಿಸಿ, ಇಲ್ಲವೇ ವಾರ್ನಿಷ್ ಹೊಡೆಸಿ ಅಂತ ಫ್ರೇಮ್ ಅಂಗಡಿಯವರು ಹೇಳುತ್ತಾರೆ. ಇದರಲ್ಲಿ ಸೀಸ ಇರುತ್ತೆ, ಮಕ್ಕಳು ಮುಟ್ಟಬಾರದು ಅಂತ ಇನ್ನೊಬ್ಬರು. ಡಿಸೆಂಬರ್‌ಗೆ ಮುಂದೂಡಬೇಕಾ? ಇಬ್ಬರ ಕೆಲಸವನ್ನು ಒಂದೇ ಹಾಲ್‌ನಲ್ಲಿ ಹೇಗೆ ಇಡುವುದು? ಅಲ್ಲೇ ಕಿಲ್ನ್ (ಎನಾಮೆಲ್ ಸುಡುವ ಕರೆಂಟ್ ಕುಲುಮೆ) ಇಟ್ಟು ಸುಟ್ಟು ತೋರಿಸಬಹುದಾ?

ಉತ್ತರ: ನೀವು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೃತಿಗಳ ಮಟ್ಟಿಗೆ ಪ್ರದರ್ಶನ ಮುಂದೂಡಬೇಕಾಗಿಲ್ಲ. ಗೆಳತಿಯ ಶೀಟ್‌ಗಳಿಗೆ ಒಂದು ಪರೀಕ್ಷೆ ಮಾಡಿ, ಆಮೇಲೆ ನಿರ್ಧರಿಸಿ. ಇಬ್ಬರಿಗೂ ಒಂದೇ ಕಾಯಿಲೆ ಬಂದಿದೆ ಅಂತ ನೀವು ಅಂದುಕೊಂಡಿದ್ದೀರಿ. ಎರಡೂ ಮಳೆಗಾಲದಲ್ಲೇ ಕಾಣಿಸಿಕೊಂಡಿದ್ದರಿಂದ ಹಾಗನ್ನಿಸುವುದು ಸಹಜ. ಆದರೆ ನಿಮ್ಮದು ಹಲಗೆಯ ತೊಂದರೆ, ಅವರದು ಕಬ್ಬಿಣದ ತೊಂದರೆ.

ಎನಾಮೆಲ್ ಅಂದರೆ ಗಾಜು. ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ, 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವೇ ನಿಮಿಷ ಸುಟ್ಟರೆ ಅದು ಕರಗಿ ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಲ್ಲಿ ಸಿಗುವ ಎನಾಮೆಲ್ ಪೇಂಟ್ ಬೇರೆಯದೇ ವಸ್ತು. ಫ್ರೇಮ್ ಅಂಗಡಿಯವರು ಆ ಪೇಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿರಬೇಕು. ಪೇಂಟ್ ಮಳೆಗೆ ಸಿಪ್ಪೆ ಏಳುತ್ತದೆ, ಬೂಸ್ಟು ಹಿಡಿಯುತ್ತದೆ. ಗಾಜು ತೇವ ಹೀರುವುದಿಲ್ಲ. ಸೈಪ್ರಸ್‌ನಲ್ಲಿ ಗೋರಿಯೊಳಗೆ ಸಿಕ್ಕ ಎನಾಮೆಲ್ ಉಂಗುರಗಳು ಕ್ರಿ.ಪೂ. 13ನೇ ಶತಮಾನದವು. ಅಷ್ಟು ದೂರ ಯಾಕೆ, ನಮ್ಮ ಕಡೆ ಹಳೆ ಮನೆಗಳ ಅಟ್ಟದಲ್ಲಿ ನೀಲಿ ಅಂಚಿನ ಬಿಳಿ ಎನಾಮೆಲ್ ತಟ್ಟೆಗಳು ಇನ್ನೂ ಸಿಗುತ್ತವೆ. ಒಂದನ್ನು ತೆಗೆದು ನೋಡಿ. ಚಕ್ಕೆ ಹಾರಿದ ಜಾಗದಲ್ಲಿ ಮಾತ್ರ ತುಕ್ಕು ಇರುತ್ತದೆ, ಉಳಿದಲ್ಲಿ ತೊಳೆದರೆ ಹೊಸದರ ಹಾಗೆ ಹೊಳೆಯುತ್ತದೆ. ಮಳೆಗೆ ಬಗ್ಗುವುದು ಲೋಹ, ಮರ, ಮೊಳೆ, ಅಂಟು. ಅವು ಬಗ್ಗಿದಾಗ ಗಾಜು ಒಡೆಯುತ್ತದೆ.

ನಿಮ್ಮ ಬಿರುಕಿಗೆ ಬರೋಣ. ಬಿರುಕು ಬಿಟ್ಟ ಒಂದು ಕೃತಿಯನ್ನು ತಿರುಗಿಸಿ, ಹಿಂದಿನ ಹಲಗೆಯ ನಾರು ಯಾವ ದಿಕ್ಕಿಗಿದೆ ನೋಡಿ. ಫೋಟೊದಲ್ಲಿ ಕಂಡ ಮಟ್ಟಿಗೆ ನಾರು ಮೇಲಿಂದ ಕೆಳಗಿದೆ, ಬಿರುಕೂ ಮೇಲಿಂದ ಕೆಳಗಿದೆ. ಮರ ತೇವ ಹೀರಿದಾಗ ನಾರಿನ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇದರಿಂದಲೇ. ಒಂದಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಕೆಲವು ಮಿಲಿಮೀಟರ್ ಹಿಗ್ಗುವುದು ಸಾಮಾನ್ಯ. ನೀವು ಅದಕ್ಕೆ ತಾಮ್ರವನ್ನು ಎಪಾಕ್ಸಿಯಿಂದ ಪೂರ್ತಿ ಅಂಟಿಸಿದ್ದೀರಿ. ಎಪಾಕ್ಸಿ ಒಂದು ಚೂರೂ ಬಿಟ್ಟುಕೊಡುವುದಿಲ್ಲ. ಹಲಗೆ ಅಡ್ಡಕ್ಕೆ ಹಿಗ್ಗಿದಾಗ ತಾಮ್ರವನ್ನೂ ಎಳೆಯಿತು. ತಾಮ್ರ ಸ್ವಲ್ಪ ಹಿಗ್ಗಿ ಸುಧಾರಿಸಿಕೊಂಡಿತು. ಗಾಜಿಗೆ ಒತ್ತಿದರೆ ಬೇಕಾದಷ್ಟು ತಾಳ್ಮೆ ಇದೆ, ಎಳೆದರೆ ಇಲ್ಲ. ರಾತ್ರಿ ಕೇಳಿದ ಟಿಣ್ ಸದ್ದು ಅದೇ.

ಹಲಸು ಒಳ್ಳೆಯ ಮರ, ಬಣ್ಣವೂ ಚೆಂದ, ಎನಾಮೆಲ್ ಪಕ್ಕದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬೇಕೆಂದರೆ ಸುತ್ತ ಫ್ರೇಮ್ ಆಗಿ ಇಟ್ಟುಕೊಳ್ಳಿ. ಆದರೆ ತಾಮ್ರಕ್ಕೂ ಮರಕ್ಕೂ ನಡುವೆ ಸುತ್ತಲೂ ಎರಡು–ಮೂರು ಮಿಲಿಮೀಟರ್ ಸಂದು ಬಿಡಿ. ಹಿಂದೆ ಹಲಗೆಯ ಬದಲು ಎಸಿಪಿ ಶೀಟ್ ಹಾಕಿ. ಅಂಗಡಿಗಳ ನಾಮಫಲಕಕ್ಕೆ ಬಳಸುತ್ತಾರಲ್ಲ, ಎರಡು ಪದರ ಅಲ್ಯೂಮಿನಿಯಂ ನಡುವೆ ಪ್ಲಾಸ್ಟಿಕ್, ಅದೇ. ಶಿವಮೊಗ್ಗದಲ್ಲಿ ಬೋರ್ಡ್ ಮಾಡುವವರ ಹತ್ತಿರ ಕತ್ತರಿಸಿದ ಚೂರುಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ಅದು ತೇವಕ್ಕೆ ಹಿಗ್ಗುವುದಿಲ್ಲ. ಮರದ ನಾರಿನ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಾತ್ರ ಬೇಡ. ಮಳೆಗಾಲದಲ್ಲಿ ಉಬ್ಬುತ್ತದೆ, ಅದರಿಂದ ಹೊರಬರುವ ಆಮ್ಲದ ಆವಿ ತಾಮ್ರಕ್ಕೂ ಆಗಿಬರುವುದಿಲ್ಲ.

ಅಂಟಿಸಲು ಸಿಲಿಕೋನ್ ಬಳಸಿ, ಪೂರ್ತಿ ಬಳಿಯಬೇಡಿ. ಒಳಭಾಗದಲ್ಲಿ ನಾಲ್ಕು ಕಡೆ ಗೋಲಿ ಗಾತ್ರದ ಬೊಟ್ಟು ಸಾಕು. ರಬ್ಬರಿನಂತೆ ಎಳೆದರೆ ಬರುತ್ತದೆ, ಗಾಜಿಗೆ ನೋವಾಗುವುದಿಲ್ಲ. ಆದರೆ ಸಿಲಿಕೋನ್‌ನಲ್ಲಿ ಎರಡು ಜಾತಿ ಇದೆ. ಟ್ಯೂಬ್ ತೆರೆದ ಕೂಡಲೇ ವಿನೆಗರ್‌ನಂತೆ ಹುಳಿ ವಾಸನೆ ಹೊಡೆಯುವುದು ಬೇಡ, ಒಣಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ಹಸಿರು ಮಾಡುತ್ತದೆ. ಅಂಗಡಿಯಲ್ಲಿ ‘ನ್ಯೂಟ್ರಲ್’ ಅಂತಲೇ ಕೇಳಿ ತನ್ನಿ. ಸ್ಕ್ರೂ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಒಂದು ಮಾತು ಇಲ್ಲೇ ಕೇಳಿಬಿಡುತ್ತೇನೆ. ನಿಮ್ಮ ತಗಡುಗಳ ಹಿಂಬದಿಗೂ ಎನಾಮೆಲ್ ಹಾಕಿದ್ದೀರಾ? ನಾವು ಕೌಂಟರ್ ಎನಾಮೆಲ್ ಅನ್ನುವುದು ಅದನ್ನೇ. ಆರುವಾಗ ತಾಮ್ರ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಒಂದೇ ಬದಿಗೆ ಗಾಜಿದ್ದರೆ ತಗಡು ಹಪ್ಪಳದಂತೆ ಡೊಂಕಾಗುತ್ತದೆ. ಹಿಂದೆಯೂ ಸುಮಾರು ಅಷ್ಟೇ ದಪ್ಪ ಗಾಜಿದ್ದರೆ ಎರಡೂ ಕಡೆಯ ಜಗ್ಗಾಟ ಸರಿಹೋಗಿ ತಗಡು ಮಟ್ಟಸ ಇರುತ್ತದೆ. ಅಂಗೈ ಅಗಲದ್ದರಲ್ಲಿ ಹೇಗೋ ನಡೆದುಹೋಗುತ್ತದೆ. ಒಂದಡಿಯದಕ್ಕೆ ಇದು ಬೇಕೇಬೇಕು.

ಬಿರುಕು ಬಿಟ್ಟ ಮೂರನ್ನು ಏನು ಮಾಡುವುದು? ಎಪಾಕ್ಸಿ ಪೂರ್ತಿ ಬಿಡಿಸಲು ಆದರೆ ಮತ್ತೆ ಸುಡಬಹುದು. ಗಾಜು ಮತ್ತೆ ಕರಗಿ ಬಿರುಕು ಕೂಡಿಕೊಳ್ಳುತ್ತದೆ. ಅಪಾಯಗಳೂ ಇವೆ. ಬಿರುಕಿನೊಳಗೆ ಧೂಳು, ಎಣ್ಣೆ, ಬೆರಳ ಜಿಡ್ಡು ಹೋಗಿದ್ದರೆ ಕೂಡಿದ ಮೇಲೂ ಕಪ್ಪು ಗೆರೆ ಉಳಿಯುತ್ತದೆ. ಕೆಲವು ಕೆಂಪು ಬಣ್ಣಗಳು ಒಂದು ಸುಡುವಿಕೆ ಹೆಚ್ಚಾದರೂ ಕಂದಿಹೋಗುತ್ತವೆ. ಅಂಟು ಹೋಗಿದೆಯೋ ಇಲ್ಲವೋ ಅನುಮಾನ ಇದ್ದರೆ ಕಿಲ್ನ್‌ಗೆ ಹಾಕಲೇಬೇಡಿ, ಹೊಗೆ ಕೆಟ್ಟದ್ದು. ನಾನಾಗಿದ್ದರೆ ಮೂರರಲ್ಲಿ ಕಡಿಮೆ ಇಷ್ಟವಾದ ಒಂದನ್ನು ಮೊದಲು ಸುಟ್ಟು ನೋಡುತ್ತೇನೆ. ರೆಸಿನ್ ತುಂಬಿಸಿ ಮುಚ್ಚುವ ದಾರಿಯೂ ಇದೆ. ಆದರೆ ಹಾಗೆ ಮಾಡಿದ ಕೃತಿಯನ್ನು ಮಾರುವಾಗ ಕೊಳ್ಳುವವರಿಗೆ ಹೇಳಲೇಬೇಕು. ಅದನ್ನು ಮತ್ತೆ ಎಂದೂ ಸುಡಲಾಗುವುದಿಲ್ಲ.

ಈಗ ಗೆಳತಿಯ ಚಕ್ಕೆ. ಉಗುರಿನ ಚೂರು ಅಂತ ನೀವು ಬರೆದದ್ದು ಸರಿಯಾಗಿದೆ. ಅರ್ಧಚಂದ್ರದ ಆಕಾರ, ಒಂದು ಅಂಚು ಚೂಪು. ಕಾರ್ಖಾನೆಗಳಲ್ಲಿ ಇದನ್ನು ಫಿಶ್‌ಸ್ಕೇಲ್ ಅನ್ನುತ್ತಾರೆ, ಮೀನಿನ ಹುರುಪೆಯಂತೆ ಏಳುವುದರಿಂದ. ಇದಕ್ಕೆ ಕಾರಣ ಹೈಡ್ರೋಜನ್. ಕಿಲ್ನ್ ಒಳಗಿನ ನೀರಾವಿ ಕೆಂಪಗೆ ಕಾದ ಕಬ್ಬಿಣಕ್ಕೆ ತಾಗಿದಾಗ ಒಡೆದು ಹೈಡ್ರೋಜನ್ ಹುಟ್ಟುತ್ತದೆ. ಬಿಸಿ ಕಬ್ಬಿಣ ಅದನ್ನು ಹೀರಿಕೊಳ್ಳುತ್ತದೆ. ತಣ್ಣಗಾದ ಮೇಲೆ ಅಷ್ಟನ್ನು ಹಿಡಿದಿಟ್ಟುಕೊಳ್ಳಲು ಅದರಿಂದ ಆಗುವುದಿಲ್ಲ. ಅನಿಲ ಹೊರಗೆ ಬರಲು ನೋಡುತ್ತದೆ, ಮೇಲೆ ಗಾಜು ಮುಚ್ಚಿಕೊಂಡಿದೆ. ಒತ್ತಡ ಕೂಡಿ ಕೂಡಿ ಒಂದು ದಿನ ಗಾಜಿನ ಚಕ್ಕೆಯನ್ನೇ ಎಬ್ಬಿಸಿ ಹಾರಿಸುತ್ತದೆ. ಇದು ಕೆಲವು ಗಂಟೆಗಳಲ್ಲೂ ಆಗಬಹುದು, ದಿನಗಟ್ಟಲೆ ಕಳೆದೂ ಆಗಬಹುದು. ಸುಟ್ಟ ದಿನ ಎಲ್ಲ ಚೆನ್ನಾಗಿತ್ತು ಅಂತ ಅವರು ಹೇಳಿದ್ದು ನಿಜವೇ ಇರಬೇಕು.

ಅಂದರೆ ಇಲ್ಲಿ ತೇವದ ಪಾತ್ರ ಇದೆ. ಆದರೆ ಅದು ಸುಡುವಾಗಿನ ತೇವ. ಗೋಡೆಗೆ ನೇತುಹಾಕಿದ ಮೇಲಿನ ಮಳೆಗಾಲಕ್ಕೂ ಇದಕ್ಕೂ ಸಂಬಂಧ ಇಲ್ಲ. ತೀರ್ಥಹಳ್ಳಿಯ ಜುಲೈ ಹವೆ, ಪೂರ್ತಿ ಒಣಗದ ಎನಾಮೆಲ್ ಲೇಪ, ವಾರಗಟ್ಟಲೆ ಹಚ್ಚದೆ ಇಟ್ಟು ತೇವ ಹೀರಿದ ಕಿಲ್ನ್ ಇಟ್ಟಿಗೆ, ಎಲ್ಲದರಿಂದಲೂ ನೀರಾವಿ ಬರುತ್ತದೆ. ಜೊತೆಗೆ ಶೀಟ್ ಯಾವುದು ಅನ್ನುವುದೂ ಮುಖ್ಯ. ಎನಾಮೆಲ್‌ಗೆಂದೇ ಮಾಡುವ, ಕಾರ್ಬನ್ ತೀರಾ ಕಡಿಮೆ ಇರುವ ಉಕ್ಕಿನೊಳಗೆ ಹೈಡ್ರೋಜನ್ ಅಡಗಿ ಕೂರಲು ಸಣ್ಣ ಸಣ್ಣ ಪೊಟರೆಗಳಿರುತ್ತವೆ. ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಸಿಗುವ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್‌ನಲ್ಲಿ ಆ ಅನುಕೂಲ ಇಲ್ಲ. ಸತು ಲೇಪಿಸಿದ ಜಿಐ ಶೀಟ್ ಅಂತೂ ಮುಟ್ಟಲೇಬಾರದು, ಅದರ ಸತುವಿನ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು.

ಇಲ್ಲೊಂದು ಗೊಂದಲ ಇದೆ, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಟ್ಟು ಕೆಲಸ ಮಾಡುವುದರಿಂದ ಮೊದಲೇ ಎಚ್ಚರಿಸುತ್ತೇನೆ. ತಾಮ್ರಕ್ಕೆ ಎರಡೂ ಬದಿ ಎನಾಮೆಲ್ ಹಾಕಿ ಅಂತ ಮೇಲೆ ಹೇಳಿದೆ. ಕಬ್ಬಿಣಕ್ಕೆ ಎರಡೂ ಬದಿ ಹಾಕಿದರೆ ಹೈಡ್ರೋಜನ್‌ಗೆ ಹಿಂದಿನ ಬಾಗಿಲೂ ಮುಚ್ಚಿದ ಹಾಗೆ. ಚಕ್ಕೆ ಹಾರುವುದು ಜಾಸ್ತಿ ಆಗುತ್ತದೆ. ಹಾಗಂತ ಹಿಂಬದಿ ಬಿಟ್ಟರೆ ಅಲ್ಲಿ ತುಕ್ಕು, ಜೊತೆಗೆ ಡೊಂಕು. ಸರಿಯಾದ ಶೀಟ್ ತರಿಸುವುದೇ ಇದಕ್ಕೆ ಪರಿಹಾರ. ಅದು ಆಗದಿದ್ದರೆ ಅಂಚು ಮಡಿಸಿದ ಶೀಟ್‌ಗೆ ಮುಂದೆ ಮಾತ್ರ ಪೂರ್ತಿ ಎನಾಮೆಲ್ ಹಾಕಿ, ಹಿಂದೆ ತುಕ್ಕು ತಡೆಯುವ ಪ್ರೈಮರ್ ಹೊಡೆಯಬಹುದು. ಸುಡುವ ದಿನ ಖಾಲಿ ಕಿಲ್ನ್ ಅನ್ನು ಬಾಗಿಲು ಸ್ವಲ್ಪ ತೆರೆದಿಟ್ಟು ಚೆನ್ನಾಗಿ ಕಾಯಿಸಿ ತೇವ ಓಡಿಸಲಿ. ಲೇಪ ಹಚ್ಚಿದ ಶೀಟ್ ಅನ್ನು ಕಿಲ್ನ್ ನೆತ್ತಿಯ ಮೇಲಿಟ್ಟು ಒಣಗಿಸಲಿ.

ಈಗಾಗಲೇ ಮಾಡಿರುವ ಶೀಟ್‌ಗಳ ಪರೀಕ್ಷೆ ಹೀಗೆ. ಒಂದೊಂದನ್ನೂ ಕಿಲ್ನ್‌ನಲ್ಲಿ 200 ಡಿಗ್ರಿಗೆ ಕಾಯಿಸಿ ಇಡೀ ರಾತ್ರಿ ಬಿಡಲಿ. ಈ ಶಾಖದಲ್ಲಿ ಗಾಜು ಕರಗುವುದಿಲ್ಲ, ಆದರೆ ಹೈಡ್ರೋಜನ್ ಬೇಗ ಬೇಗ ಹೊರಗೆ ಬರುತ್ತದೆ. ವಾರ ಕಳೆದು ಹಾರಬೇಕಾದ ಚಕ್ಕೆ ಆ ರಾತ್ರಿಯೇ ಹಾರಿಹೋಗುತ್ತದೆ. ಬೆಳಿಗ್ಗೆ ನಿಧಾನವಾಗಿ ತಣಿಸಿ, ಶೀಟ್ ಅನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಲಿ. ಕೈ ಆಡಿಸಿ ನೋಡುವುದು ಬೇಡ, ಚಕ್ಕೆಯ ಅಂಚು ಬ್ಲೇಡಿನ ಹಾಗೆ ಕುಯ್ಯುತ್ತದೆ. ಈ ಪರೀಕ್ಷೆಯಲ್ಲಿ ಉಳಿದ ಶೀಟ್‌ಗಳನ್ನು ಧೈರ್ಯವಾಗಿ ನೇತುಹಾಕಬಹುದು. ಅರ್ಧಕ್ಕಿಂತ ಹೆಚ್ಚು ಕೈಕೊಟ್ಟರೆ ಆಗಸ್ಟ್ ಬಿಡಿ. ನೋಡಲು ಬಂದ ಮಗುವಿನ ಮೇಲೆ ಚಕ್ಕೆ ಸಿಡಿಯುವಂಥ ಕೃತಿ ಗ್ಯಾಲರಿಗೆ ಹೋಗಬಾರದು.

ಮುಂದೂಡುವುದಾದರೂ ಡಿಸೆಂಬರ್ ಯಾಕೆ? ಅಡಿಕೆ ಕೊಯ್ಲಿನ ಹೊತ್ತಲ್ಲಿ ಸಾಗರ, ಹೊಸನಗರದ ಕಡೆಯಿಂದ ಯಾರು ಬರುತ್ತಾರೆ ಹೇಳಿ. ಫೆಬ್ರವರಿ ಒಳ್ಳೆಯದು.

ಗಾಜಿಗೂ ತೇವದ ಕಾಯಿಲೆ ಬರುವುದು ಇಲ್ಲವೇ ಇಲ್ಲ ಅಂತಲ್ಲ. ಸೋಡ, ಪೊಟ್ಯಾಷ್ ಅಂಶ ಜಾಸ್ತಿ ಇರುವ ಮೆತ್ತನೆಯ ಎನಾಮೆಲ್‌ಗಳು ಕಡಿಮೆ ಶಾಖಕ್ಕೇ ಕರಗುತ್ತವೆ. ಅವು ವರ್ಷಗಟ್ಟಲೆ ಶೀತದಲ್ಲಿದ್ದರೆ ಮೇಲೆ ಬಿಳಿ ಮಂಜಿನಂಥ ಪೊರೆ ಬರುತ್ತದೆ, ಮುಟ್ಟಿದರೆ ಸೋಪಿನಂತೆ ಜಾರುತ್ತದೆ. ಫ್ರಾನ್ಸಿನ ಲಿಮೋಜ್‌ನಲ್ಲಿ 15–16ನೇ ಶತಮಾನದಲ್ಲಿ ಮಾಡಿದ ಎನಾಮೆಲ್ ಚಿತ್ರಗಳಲ್ಲಿ ನೀಲಿ, ನೇರಳೆ ಭಾಗಗಳು ಹೀಗೆ ಕೆಟ್ಟಿರುವುದನ್ನು ಮ್ಯೂಸಿಯಂಗಳು ನೋಡಿವೆ. ಒಂದು ವಾರದ ಪ್ರದರ್ಶನದಲ್ಲಿ ಇದು ಬರುವುದಿಲ್ಲ. ಆದರೆ ಶೀತ ಗೋಡೆಗೆ ಅಂಟಿಕೊಂಡ ಹಾಗೆ ನೇತುಹಾಕಬೇಡಿ. ಹಿಂದೆ ರಬ್ಬರ್ ಬುಡ ಇಟ್ಟು ಒಂದೆರಡು ಸೆಂಟಿಮೀಟರ್ ಗಾಳಿ ಆಡಲು ಬಿಡಿ.

ಗಾಜು ಹಾಕಿಸುವ ಮಾತು ಬಿಟ್ಟುಬಿಡಿ, ಗಾಜಿನ ಮೇಲೆ ಇನ್ನೊಂದು ಗಾಜು ಯಾಕೆ? ವಾರ್ನಿಷ್ ಕೂಡ ಬೇಡ, ನಾಲ್ಕು ವರ್ಷದಲ್ಲಿ ಹಳದಿ ಆಗುತ್ತದೆ. ಬರಿಯ ತಾಮ್ರ ಕಾಣುವ ಅಂಚಿಗೆ ಮಾತ್ರ ತೆಳ್ಳಗೆ ಮೇಣ ಉಜ್ಜಿ. ಇನ್ನೊಂದು, ಮನೆಯಲ್ಲಿ ಯಾರಾದರೂ ಪ್ರೀತಿಯಿಂದ ಆ ಅಂಚನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿಬಿಟ್ಟಾರು, ಹೇಳಿಡಿ. ತಾಮ್ರದ ಚೊಂಬಿಗೆ ಅದು ಸರಿ. ಎನಾಮೆಲ್‌ನ ಎಷ್ಟೋ ಬಣ್ಣಗಳು ಹುಳಿಗೆ ಹೊಳಪು ಕಳೆದುಕೊಳ್ಳುತ್ತವೆ, ಮತ್ತೆ ಸುಡದೆ ಆ ಹೊಳಪು ವಾಪಸ್ ಬರುವುದಿಲ್ಲ.

ಸೀಸದ ಬಗ್ಗೆ ಕೇಳಿದವರ ಪ್ರಶ್ನೆ ದಡ್ಡತನದ್ದಲ್ಲ. ಹಳೆಯ ಎನಾಮೆಲ್‌ಗಳಲ್ಲಿ ಸೀಸ ಇತ್ತು, ಈಗಲೂ ಎರಡೂ ಬಗೆಯವು ಸಿಗುತ್ತವೆ. ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಆದರೆ ಸುಟ್ಟ ಮೇಲೆ ಅದು ಗಾಜಿನೊಳಗೆ ಸಿಕ್ಕಿಕೊಂಡಿರುತ್ತದೆ. ಗೋಡೆ ಮೇಲಿನ ಕೃತಿಯನ್ನು ಮಗು ಮುಟ್ಟಿದರೆ ಏನೂ ಆಗುವುದಿಲ್ಲ. ಅಂಥ ಎನಾಮೆಲ್ ಹಾಕಿದ ಬಟ್ಟಲಲ್ಲಿ ಉಪ್ಪಿನಕಾಯಿ ಹಾಕಿಡಬಾರದು ಅಷ್ಟೇ. ನಿಜವಾದ ಅಪಾಯ ನಿಮಗೆ. ಜರಡಿ ಹಿಡಿದು ಪುಡಿ ಉದುರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಸೀಸ ಇಲ್ಲದಿದ್ದರೂ ಗಾಜಿನ ಧೂಳು ಗಾಜಿನ ಧೂಳೇ. ಎನ್-95 ಮಾಸ್ಕ್ ಹಾಕಿ. ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಕಟ್ಟೆ ಮೇಲೆ ಈ ಕೆಲಸ ಮಾಡುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಒಂದು ಫೋಟೊದ ಹಿಂದೆ ಒಗ್ಗರಣೆ ಡಬ್ಬಿ ಕಾಣಿಸಿತು!

ಇನ್ನು ಹಾಲ್. ಬಲಗಡೆ ನಿಮ್ಮದು, ಎಡಗಡೆ ಅವಳದು ಅಂತ ಪಾಲು ಮಾಡಬೇಡಿ. ಇಬ್ಬರ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ಬಂದವರು ಯಾರದು ಹೆಚ್ಚು ಚೆನ್ನಾಗಿದೆ ಅಂತ ಅಳೆಯಲು ಶುರು ಮಾಡುತ್ತಾರೆ. ನಿಮ್ಮ ಅಂಗೈ ಅಗಲದ ಕೃತಿಗಳನ್ನು ಒಂದಡಿ ದೂರದಿಂದ ನೋಡಬೇಕು. ಅವರ ಜೋಡಿಸಿದ ಶೀಟ್‌ಗಳಿಗೆ ಹತ್ತು ಅಡಿ ಹಿಂದೆ ಸರಿಯಬೇಕು. ಈ ಹತ್ತಿರ–ದೂರದ ಲೆಕ್ಕದಲ್ಲೇ ಜಾಗ ಹಂಚಿ. ದೊಡ್ಡದು ಬಾಗಿಲಿಗೆ ಎದುರಾಗಿ, ದೂರದ ಗೋಡೆಯಲ್ಲಿ ಇರಲಿ. ಅದರತ್ತ ನಡೆದು ಹೋಗುವ ದಾರಿಯ ಪಕ್ಕದ ಗೋಡೆಯಲ್ಲಿ ನಿಮ್ಮ ಚಿಕ್ಕವು ಸಾಲಾಗಿ, ಕೃತಿಯ ನಡುಮಧ್ಯ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ಇರಲಿ.

ಬೆಳಕಿಗೆ ಒಂದು ಇಡೀ ದಿನ ಕೊಡಿ. ಎನಾಮೆಲ್ ಪ್ರದರ್ಶನ ಕೆಡುವುದು ಹೆಚ್ಚಾಗಿ ಟ್ಯೂಬ್‌ಲೈಟ್‌ನಿಂದ. ಪ್ರತಿ ಕೃತಿಯ ಮೇಲೂ ಒಂದು ಬಿಳಿ ಪಟ್ಟಿ, ನೋಡುವವರ ಮುಖ, ಎದುರಿನ ಕಿಟಕಿ ಎಲ್ಲ ಕಾಣುತ್ತವೆ. ಒಬ್ಬರು ಕೃತಿಯನ್ನು ಗೋಡೆಗೆ ಹಿಡಿದುಕೊಳ್ಳಿ, ಇನ್ನೊಬ್ಬರು ಏಣಿ ಹತ್ತಿ ಮೊಬೈಲ್ ಟಾರ್ಚ್ ಅನ್ನು ಬೇರೆ ಬೇರೆ ಕೋನದಿಂದ ಬಿಡಿ. ಮೇಲಿನಿಂದ, ಗೋಡೆಗೆ 30 ಡಿಗ್ರಿ ಆಸುಪಾಸಿನಲ್ಲಿ ಬಿದ್ದ ಬೆಳಕಿನ ಪ್ರತಿಫಲನ ನೆಲಕ್ಕೆ ಹೋಗುತ್ತದೆ, ಕಣ್ಣಿಗೆ ಬರುವುದಿಲ್ಲ. ಬೆಳ್ಳಿ ರೇಕಿನ ಮೇಲೆ ಪಾರದರ್ಶಕ ನೀಲಿ ಹಾಕಿದ್ದೀರಲ್ಲ, ಆ ಕೃತಿಗೆ ಒಂದು ಸಣ್ಣ ಸ್ಪಾಟ್‌ಲೈಟ್ ಬೇಕೇಬೇಕು. ನೋಡುವವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಒಳಗಿನಿಂದ ಬೆಳಕು ಹೊರಳಿದ ಹಾಗೆ ಕಾಣುತ್ತದೆ. ಎನಾಮೆಲ್ ಬಣ್ಣ ಬೆಳಕಿಗೆ ಮಾಸುವುದಿಲ್ಲ, ಜಲವರ್ಣದವರ ಹಾಗೆ ಹೆದರುವ ಕೆಲಸ ಇಲ್ಲ.

ರೆಸಿನ್ನಾ ಇದು ಅಂತ ಕೇಳುವವರು ಬಂದೇ ಬರುತ್ತಾರೆ. ಒಂದು ಮೇಜಿನ ಮೇಲೆ ಬರಿ ತಾಮ್ರದ ತುಂಡು, ಪುಡಿ ಉದುರಿಸಿದ ತುಂಡು, ಒಮ್ಮೆ ಸುಟ್ಟದ್ದು, ಮೂರು ಸಲ ಸುಟ್ಟದ್ದು ಸಾಲಾಗಿ ಇಡಿ. ಇಬ್ಬರ ಬಣ್ಣ ಪರೀಕ್ಷೆಯ ಬಿಲ್ಲೆಗಳನ್ನೂ ಇಡಿ, ಜನ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಒಡವೆಯ ಮೀನಾಕಾರಿ ಎಲ್ಲರಿಗೂ ಗೊತ್ತು. ಜೈಪುರದ್ದು, ವಾರಾಣಸಿಯ ಗುಲಾಬಿ ಮೀನಾ, ಅದೇ ಜಾತಿಯ ಕೆಲಸ ಇದು ಅಂದರೆ ಅರ್ಧ ವಿವರಣೆ ಮುಗಿಯಿತು. ಚಿತ್ರಕಲೆಯಾಗಿ ಎನಾಮೆಲ್ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಬೆಂಗಳೂರನ್ನು ಮನೆ ಮಾಡಿಕೊಂಡ ಶಿಲ್ಪಿ ಬಾಲನ್ ನಂಬಿಯಾರ್ ಎನಾಮೆಲ್ ಚಿತ್ರಗಳಿಗೂ ಹೆಸರಾದವರು. ಅವರ ಮಾವ, ಇಟಲಿಯ ಪಾದುವಾದ ಪಾವೊಲೊ ದೆ ಪೊಲಿ, ಈ ಕಲೆಯ ದೊಡ್ಡ ಕೈ. ನಿಮ್ಮ ಕೃತಿಗಳಲ್ಲಿ ಹಸೆ ಚಿತ್ತಾರದ ಎಳೆಗಳಿವೆ. ಕೆಮ್ಮಣ್ಣಿನ ನೆಲಕ್ಕೆ ಬದಲಾಗಿ ತಾಮ್ರದ ಸುಟ್ಟ ಕೆಂಪನ್ನೇ ಬಣ್ಣವಿಲ್ಲದ ಎನಾಮೆಲ್ ಅಡಿಯಲ್ಲಿ ಬಿಟ್ಟ ಉಪಾಯ ನನಗೆ ತುಂಬಾ ಹಿಡಿಸಿತು. ಹಸೆ ಚಿತ್ತಾರ ದೀವರ ಹೆಣ್ಣುಮಕ್ಕಳ ಕಲೆ ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಯಾರಿಂದ ಕಲಿತಿರೋ ಅವರನ್ನು ಉದ್ಘಾಟನೆಗೆ ಕರೆಯಿರಿ.

ಕಿಲ್ನ್ ಇಟ್ಟು ತೋರಿಸಬಹುದು, ಆದರೆ ಹಾಲ್ ಒಳಗೆ ಬೇಡ, ಜಗಲಿಯಲ್ಲಿ. ಮೂರು ಕಿಲೋವ್ಯಾಟ್ ಕಿಲ್ನ್ 13 ಆಂಪಿಯರ್ ಎಳೆಯುತ್ತದೆ. ಮಾಮೂಲಿ ಪ್ಲಗ್ ಸಾಲದು, ಪವರ್ ಪ್ಲಗ್ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಮಳೆಗಾಲದಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಿಲ್ನ್ ಎರಡು ಕಿಲೋವ್ಯಾಟ್‌ಗೂ ಕಡಿಮೆ ಕೆಲಸ ಮಾಡುತ್ತದೆ. ಬಾಗಿಲು ತೆಗೆದಾಗ ಕಳೆದ ಶಾಖ ಮತ್ತೆ ಏರುವಷ್ಟರಲ್ಲಿ ನೋಡಲು ಬಂದವರು ಚಹಾ ಕುಡಿಯಲು ಹೋಗಿರುತ್ತಾರೆ. ಸಂಜೆ ಬಿಟ್ಟು ಬೆಳಿಗ್ಗೆ ಇಟ್ಟುಕೊಳ್ಳಿ. ಎರಡು ರೂಪಾಯಿ ನಾಣ್ಯದಷ್ಟು ಅಗಲದ ತಾಮ್ರದ ಬಿಲ್ಲೆ ಸಾಕು. ಮಕ್ಕಳನ್ನು ಮೇಜಿನ ಆಚೆ ನಿಲ್ಲಿಸಿ. ಹೊರಗೆ ತೆಗೆದ ಬಿಲ್ಲೆ ಕಪ್ಪಗಾಗಿ ತಣಿದ ಹಾಗೆ ಕಂಡರೂ ಕೈ ಸುಡುತ್ತದೆ, ಮುಟ್ಟುವ ಆಸೆ ಆಗುವುದು ಆಗಲೇ.

ಸಾಗರದಿಂದ ತರುವಾಗ ಕೃತಿಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ನಡುವೆ ಫೋಮ್ ಇಟ್ಟು ಪುಸ್ತಕ ಜೋಡಿಸಿದಂತೆ ನಿಲ್ಲಿಸಿ. ಮೂಲೆಗಳಿಗೆ ರಟ್ಟಿನ ಟೋಪಿ ಹಾಕಿ, ಪೆಟ್ಟು ಬೀಳುವುದು ಮೂಲೆಗೇ.

ಬೆಲೆ ಕೇಳಿಲ್ಲ, ಆದರೂ ಹೇಳುತ್ತೇನೆ. ತಾಮ್ರ, ಬೆಳ್ಳಿ ತಂತಿ, ಕರೆಂಟ್ ಬಿಲ್ಲಿನ ಜೊತೆ ಕೆಟ್ಟುಹೋದವುಗಳ ಖರ್ಚನ್ನೂ ಸೇರಿಸಿ. ಗ್ಯಾಲರಿಯ ಕಮಿಷನ್ ಎಷ್ಟು, ಒಬ್ಬರದೇ ಮಾರಾಟವಾದರೆ ಹಾಲ್ ಬಾಡಿಗೆ ಹೇಗೆ ಹಂಚಿಕೊಳ್ಳುವುದು ಅಂತ ಇಬ್ಬರೂ ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಮಾರಿದ ಪ್ರತಿ ಕೃತಿಯ ಹಿಂದೆ ಒಂದು ಚೀಟಿ ಅಂಟಿಸಿ: ತಾಮ್ರವೋ ಉಕ್ಕೋ, ಯಾವ ವರ್ಷ ಸುಟ್ಟದ್ದು, ಒಣ ಮೆತ್ತನೆ ಬಟ್ಟೆಯಿಂದ ಮಾತ್ರ ಒರೆಸಬೇಕು, ಹುಳಿ ತಾಗಿಸಬಾರದು, ಚಕ್ಕೆ ಎದ್ದರೆ ಯಾರಿಗೆ ಫೋನ್ ಮಾಡಬೇಕು.